ಕಿವಿ ಮರಳಿ ಕೇಳಬೇಕಾದರೆ

ಕಿವಿಯ ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ನಮ್ಮ ಜನರಲ್ಲಿ ಎರಡು ಬಗೆಯ ಭಾವನೆಗಳು ಬೇರೂರಿವೆ. ಕಿವಿಗೆ ಕತ್ತರಿ ತಗುಲಿಸಿದರೆ ಇರುವ ಶ್ರವಣವೂ ಹೋದೀತೆಂಬುದು ಒಂದು. ಬ್ಯಾಂಡೇಜು ಬಿಚ್ಚಿದೊಡನೆಯೇ ಸಕಲವೂ ಸ್ಪಷ್ಟವಾಗಿ ಕೇಳಿಬರುವುದೆಂಬುದು ಇನ್ನೊಂದು. ಮೊದಲನೆಯದು ಹಳಬರ ಅಂಜಿಕೆ. ಎರಡನೆಯದು ಹೊಸಬರ ಆಸೆ. ಎರಡೂ ಸತ್ಯಕ್ಕೆ ದೂರವಾದುವೇ. ಆದರೆ ಈ ಕಾಲದಲ್ಲಿ ಹೆಚ್ಚು ಕೇಡನ್ನು ಮಾಡುತ್ತಿರುವುದು ಎರಡನೆಯದೆಂದು ನಮ್ಮ ಅಭಿಪ್ರಾಯ. ಅಂಜಿದವನನ್ನು ಸಮಾಧಾನಪಡಿಸಿ ಆಸ್ಪತ್ರೆಗೆ ಕರೆದೊಯ್ಯಬಹುದು. ಅತಿಯಾದ ಆಸೆಯಿಂದ ಹೋದವನಾದರೋ ಹದಿನೈದು ದಿನಗಳಲ್ಲಿ ಏನೂ ಕೇಳಿಸದಿದ್ದಾಗ ನಿರಾಶನಾಗಿ, ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟುಬಿಡುತ್ತಾನೆ. ಶ್ರವಣ ಮರಳುವ ಕೆಲಸ ಆರಂಭವಾಗುವುದು ಸರಿಯಾಗಿ ಆಗಲೇ.

ಶಸ್ತ್ರಚಿಕಿತ್ಸೆ ಒಂದು ದಿನದ ಕೆಲಸ, ಶ್ರವಣವನ್ನು ಮರಳಿ ಪಡೆಯುವುದು ಹಲವು ತಿಂಗಳ ಕೆಲಸ. ಮೊದಲನೆಯದನ್ನು ಎಣಿಸಿ ಸಂತೋಷಪಡುವ ನಾವು ಎರಡನೆಯದನ್ನು ಅಳೆದು ನೋಡುವ ಗೋಜಿಗೆ ಹೋಗುವುದು ಅಪರೂಪ. ಈ ರೂಢಿ ಬದಲಾಗಬೇಕು. ಏಕೆ ಬದಲಾಗಬೇಕೆಂಬುದನ್ನು ಹಾವೇರಿ ಜಿಲ್ಲೆಯ ಬ್ಯಾಡಗಿಯನ್ನು ಮುಂದಿಟ್ಟುಕೊಂಡು ವಿವರಿಸಲು ಯತ್ನಿಸುತ್ತೇವೆ. ಮೆಣಸಿನಕಾಯಿಗೆ ಹೆಸರಾದ ಊರನ್ನು ಕಿವಿಯ ಮಾತಿಗೆ ಆರಿಸಿಕೊಂಡುದೇಕೆಂದು ವಾಚಕರು ಅಚ್ಚರಿಪಡಬಹುದು. ಅದಕ್ಕೆ ಉತ್ತರ ಮುಂದೆ ದೊರೆಯುವುದು.

ನಡುಗಿವಿಯ ಯಂತ್ರ

ಬಾವಿಯಲ್ಲಿ ಮುಳುಗಿ ಈಜುತ್ತಿರುವವನಿಗೆ ದಡದ ಮೇಲೆ ನಿಂತವರ ಕೂಗು ಕೇಳಿಸದೆಂಬುದನ್ನು ಹಳ್ಳಿಯ ಹುಡುಗರೆಲ್ಲ ಬಲ್ಲರು. ಗಾಳಿಯಲ್ಲಿ ಬಂದ ಶಬ್ದದ ತೆರೆಗಳು ನೀರಿಗೆ ತಾಕಿದೊಡನೆ ಸಾವಿರದಲ್ಲಿ ೯೯೯ ಪಾಲು ಹಿಂದಕ್ಕೆ ಚಿಮ್ಮಿಹೋಗುತ್ತವೆ. ನಮ್ಮ ಒಳಗಿವಿಯ ಶಂಖನಾಳದಲ್ಲಿ ತುಂಬಿರುವುದೂ ದ್ರವವೇ. ಹಾಗಾದರೆ ಗಾಳಿಯ ಶಬ್ದ ಆ ದ್ರವವನ್ನು ಕದಲಿಸುವುದು ಹೇಗೆ? ಈ ಕಷ್ಟವನ್ನು ಪರಿಹರಿಸುವುದಕ್ಕಾಗಿಯೇ ನಿಸರ್ಗವು ನಡುಗಿವಿಯನ್ನು ನಿರ್ಮಿಸಿದೆ ಎನ್ನಬಹುದು.

ಹೊರಗಿವಿಯ ನಾಳದ ಕೊನೆಯಲ್ಲಿ ಬಿಗಿದಿರುವ ಪೊರೆಯೇ ಕಿವಿತಮಟೆ. ಅದರ ಅಡ್ಡಳತೆ ಸುಮಾರು ೯ ಮಿಲಿಮೀಟರು. ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಅದರ ಹಿಂದಿರುವ ಪುಟ್ಟ ಗಾಳಿಕೋಣೆಯೇ ನಡುಗಿವಿ. ಅಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಎಲುಬುಗಳು ಸರಪಳಿಯಂತೆ ಒಂದಕ್ಕೊಂದು ಹೊಂದಿಕೊಂಡಿವೆ. ರಿಕಾಪಿನ ಎತ್ತರ ಸುಮಾರು ೩ ಮಿಲಿಮೀಟರು. ಅಂದರೆ ಒಂದು ಮೆಣಸಿನ ಬೀಜಕ್ಕಿಂತ ದೊಡ್ಡದಲ್ಲ. ಮನುಷ್ಯದೇಹದ ಎಲುಬುಗಳಲ್ಲೆಲ್ಲ ಇದೇ ಅತ್ಯಂತ ಚಿಕ್ಕದು.

ಇಲ್ಲಿ ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. ಕಿವಿತಮಟೆಯಲ್ಲಿ ಕಂಪಿಸುವ ಭಾಗದ ವಿಸ್ತೀರ್ಣ ಸುಮಾರು ೫೫ ಚದರ ಮಿಲಿಮೀಟರು. ರಿಕಾಪಿನ ಪಾದದ ವಿಸ್ತೀರ್ಣ ಸುಮಾರು ೩.೨ ಚದರ ಮಿಲಿಮೀಟರು. ದೊಡ್ಡ ಹರವಿನ ಮೇಲೆ ಬಿದ್ದ ಬಲವೆಲ್ಲ ಚಿಕ್ಕ ಹರವಿಗೆ ಸೇರಿದಾಗ ಒತ್ತಡ ಸುಮಾರು ೧೭ ಪಟ್ಟು ಹೆಚ್ಚುತ್ತದೆ. ಎಲುಬುಗಳ ಸನ್ನೆಯಿಂದ ಇನ್ನೂ ೧.೩ ಪಟ್ಟು. ಎರಡನ್ನೂ ಗುಣಿಸಿದರೆ ಸುಮಾರು ೨೨ ಪಟ್ಟು ಎಂದಾಯಿತು. ಗಾಳಿಯಿಂದ ದ್ರವಕ್ಕೆ ದಾಟುವಾಗ ಆಗುವ ನಷ್ಟವನ್ನು ಈ ಯಂತ್ರ ಬಹುಮಟ್ಟಿಗೆ ತುಂಬಿಕೊಡುತ್ತದೆ.

ತಮಟೆಯಲ್ಲಿ ತೂತು ಬಿದ್ದರೆ ಈ ಲಾಭ ಸೋರಿಹೋಗುತ್ತದೆ. ತೂತಿನ ಗಾತ್ರಕ್ಕೆ ತಕ್ಕಂತೆ ೧೦ರಿಂದ ೪೦ ಡೆಸಿಬೆಲ್‌ಗಳವರೆಗೂ ಶ್ರವಣ ಕುಗ್ಗಬಹುದು. ತಮಟೆ ನೆಟ್ಟಗಿದ್ದು ಒಳಗಿನ ಎಲುಬಿನ ಸರಪಳಿ ಕಡಿದರೆ ನಷ್ಟ ೬೦ ಡೆಸಿಬೆಲ್‌ಗಳಷ್ಟಾಗುವುದೂ ಉಂಟು. ನಾವು ಎದುರುಬದುರಾಗಿ ಆಡುವ ಮಾತಿನ ಮಟ್ಟ ಸುಮಾರು ೬೦ ಡೆಸಿಬೆಲ್. ಅದರಲ್ಲಿ ೪೦ನ್ನು ಕಳೆದರೆ ಉಳಿಯುವುದು ಪಿಸುಮಾತಿಗಿಂತಲೂ ಮೆಲ್ಲನೆಯ ದನಿ.

ಆದರೂ ಇಲ್ಲಿ ಒಂದು ಸಮಾಧಾನವಿದೆ. ಈ ಬಗೆಯ ಕಿವುಡಿನಲ್ಲಿ ಶಂಖನಾಳವೂ ಅದರಿಂದ ಮಿದುಳಿಗೆ ಹೋಗುವ ನರವೂ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತವೆ. ಮನೆಯೊಳಗೆ ಮಂದಿ ಇದ್ದಾರೆ, ಕೆಟ್ಟಿರುವುದು ಬಾಗಿಲು. ಬಾಗಿಲನ್ನು ಸರಿಪಡಿಸಲು ಬರುತ್ತದೆ. ನಡುಗಿವಿಯ ಶಸ್ತ್ರಚಿಕಿತ್ಸೆ ಶ್ರವಣವನ್ನು ಮರಳಿಸಬಲ್ಲುದು ಈ ಕಾರಣದಿಂದಲೇ.

ಬಾಗಿಲು ಕೆಡುವ ಬಗೆ

ನಡುಗಿವಿಗೂ ಮೂಗಿನ ಹಿಂಭಾಗಕ್ಕೂ ನಡುವೆ ಯುಸ್ಟೇಷಿಯನ್ ನಾಳವೆಂಬ ಕಿರಿದಾದ ದಾರಿಯಿದೆ. ನಾವು ಉಗುಳು ನುಂಗಿದಾಗಲೆಲ್ಲ ಅದು ತೆರೆದು, ಒಳಗಿನ ಗಾಳಿಯ ಒತ್ತಡವನ್ನು ಹೊರಗಿನದಕ್ಕೆ ಸರಿಗಟ್ಟುತ್ತದೆ. ಮಕ್ಕಳಲ್ಲಿ ಈ ನಾಳ ಗಿಡ್ಡ. ಹೆಚ್ಚು ಅಡ್ಡವಾಗಿಯೂ ಇರುತ್ತದೆ. ಆದಕಾರಣ ನೆಗಡಿಯಾದ ಮಗುವಿನ ಮೂಗಿನಿಂದ ರೋಗಾಣುಗಳು ಸುಲಭವಾಗಿ ನಡುಗಿವಿಗೆ ಏರುತ್ತವೆ. ಕೀವು ತುಂಬುತ್ತದೆ, ತಮಟೆ ಒಡೆಯುತ್ತದೆ, ಕಿವಿ ಸೋರುತ್ತದೆ. ಎಷ್ಟೋ ವೇಳೆ ತೂತು ತಾನಾಗಿ ಮುಚ್ಚಿಕೊಳ್ಳುತ್ತದೆ. ನೆಗಡಿ ಮತ್ತೆ ಮತ್ತೆ ಬಂದು, ಮದ್ದು ಬೀಳದೆ, ತಿಂಗಳುಗಟ್ಟಲೆ ಸೋರಿದರೆ ತೂತು ಶಾಶ್ವತವಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ೨೦೦೪ರಲ್ಲಿ ಪ್ರಕಟಿಸಿದ ವರದಿಯೊಂದು ದೀರ್ಘಕಾಲ ಕಿವಿ ಸೋರುವ ಈ ರೋಗ ನೂರಕ್ಕೆ ನಾಲ್ವರಿಗಿಂತ ಹೆಚ್ಚು ಮಂದಿಯಲ್ಲಿರುವ ದೇಶಗಳ ಸಾಲಿಗೆ ಭಾರತವನ್ನು ಸೇರಿಸಿತು. ಅದೇ ಸಂಸ್ಥೆಯ ೨೦೨೧ರ ಶ್ರವಣವರದಿಯಂತೆ ಮಕ್ಕಳ ಶ್ರವಣದೋಷಗಳಲ್ಲಿ ನೂರಕ್ಕೆ ಸುಮಾರು ೬೦ ಪಾಲು ತಡೆಯಬಹುದಾದ ಕಾರಣಗಳಿಂದ ಆದುವು. ಹೀಗಿದ್ದರೂ ‘ಮಕ್ಕಳ ಕಿವಿ ಸೋರುವುದು ಸಹಜ, ದೊಡ್ಡವನಾದರೆ ನಿಂತುಹೋಗುತ್ತದೆ’ ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಕೇಳಿಬರುತ್ತದೆ. ತೂತು ಬಿದ್ದ ಕಿವಿಗೆ ಎಣ್ಣೆ ಕಾಯಿಸಿ ಹೊಯ್ಯುವ ರೂಢಿಯೂ ಅಳಿದಿಲ್ಲ. ಆ ಎಣ್ಣೆಯ ಜೊತೆಗೆ ರೋಗಾಣುಗಳನ್ನೂ ಒಳಗೆ ಕಳುಹಿಸಿದಂತಾಗುತ್ತದೆ.

ಬಾಗಿಲು ಕೆಡಿಸುವ ಇನ್ನೊಂದು ರೋಗವೂ ಉಂಟು. ಕೆಲವರಲ್ಲಿ, ಬಹುಮಟ್ಟಿಗೆ ಯೌವನದಲ್ಲಿ, ರಿಕಾಪಿನ ಪಾದದ ಸುತ್ತ ಹೊಸ ಎಲುಬು ಬೆಳೆದು ಅದನ್ನು ಅಲುಗಾಡದಂತೆ ಬಿಗಿದುಬಿಡುತ್ತದೆ. ಇಲ್ಲಿ ಕೀವಿಲ್ಲ, ನೋವಿಲ್ಲ. ಕಿವಿ ಮಾತ್ರ ವರ್ಷದಿಂದ ವರ್ಷಕ್ಕೆ ಮಂದವಾಗುತ್ತದೆ.

ಸಂತೆಯಲ್ಲಿ ಅಡಗುವ ಕಿವುಡು

ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಎಂಬ ವೈದ್ಯ ೧೬೭೨ರಲ್ಲಿ ಒಂದು ವಿಚಿತ್ರ ಸಂಗತಿಯನ್ನು ಬರೆದಿಟ್ಟನು. ಕಿವಿ ಮಂದವಾದ ಒಬ್ಬ ಹೆಂಗಸಿಗೆ ಹತ್ತಿರದಲ್ಲಿ ನಗಾರಿ ಬಾರಿಸುತ್ತಿದ್ದರೆ ಮಾತ್ರ ಮಾತು ಕೇಳಿಸುತ್ತಿತ್ತಂತೆ! ಅವಳ ಗಂಡ ಇದಕ್ಕಾಗಿಯೇ ನಗಾರಿ ಬಾರಿಸಬಲ್ಲ ಆಳನ್ನು ಇಟ್ಟುಕೊಂಡಿದ್ದನು. ಇದು ಕಟ್ಟುಕಥೆಯಂತೆ ತೋರಿದರೂ ಇದರ ಕಾರಣ ಸರಳವಾಗಿದೆ. ಗದ್ದಲವಿರುವಲ್ಲಿ ಮಾತಾಡುವವರು ತಮಗೆ ತಿಳಿಯದಂತೆಯೇ ದನಿಯೇರಿಸುತ್ತಾರೆ. ಬಾಗಿಲು ಕೆಟ್ಟ ಕಿವಿಗೆ ಗದ್ದಲ ಅಷ್ಟಾಗಿ ತಾಗದು. ಏರಿದ ದನಿ ಮಾತ್ರ ತಲುಪುತ್ತದೆ.

ಈಗ ಬ್ಯಾಡಗಿಯ ಮಾರುಕಟ್ಟೆಯನ್ನು ಊಹಿಸಿಕೊಳ್ಳಿ. ೨೦೧೧ರಲ್ಲಿ ಭೌಗೋಳಿಕ ಗುರುತನ್ನು ಪಡೆದ, ಕಡು ಕೆಂಪಿನ, ಸುಕ್ಕುಸುಕ್ಕಾದ ಆ ಮೆಣಸಿನಕಾಯಿಯ ಸುಗ್ಗಿಯಲ್ಲಿ ಚೀಲ ಹೊರುವವರು, ತೂಗುವವರು, ಲಾರಿಯವರು ಎಲ್ಲರೂ ಏರುದನಿಯಲ್ಲಿಯೇ ವ್ಯವಹರಿಸುತ್ತಾರೆ. ಅಲ್ಲಿ ತಂದೆಯ ಜೊತೆಗೆ ನಿಂತ ಹುಡುಗನೊಬ್ಬನ ಕಿವಿ ಮಂದವಾಗಿದ್ದರೆ ಯಾರಿಗೂ ತಿಳಿಯದು. ‘ಕರೆದರೆ ಓಗೊಡುತ್ತಾನೆ, ಇವನಿಗೇನು ಕಿವುಡು?’ ಎಂದು ತಂದೆ ಕೇಳಿದರೆ ತಪ್ಪಲ್ಲ. ಅದೇ ಹುಡುಗ ಶಾಲೆಯ ನಿಶ್ಶಬ್ದ ಕೊಠಡಿಯಲ್ಲಿ ಹಿಂದಿನ ಬೆಂಚಿನ ಮೇಲೆ ಕುಳಿತರೆ ಅಧ್ಯಾಪಕರ ಸಹಜವಾದ ದನಿ ಅವನನ್ನು ತಲುಪುವುದಿಲ್ಲ. ‘ಕಾಲು’, ‘ಪಾಲು’, ‘ಸಾಲು’ ಎಂಬ ಪದಗಳ ಸ್ವರ ಕೇಳುತ್ತದೆ, ವ್ಯಂಜನ ಜಾರಿಹೋಗುತ್ತದೆ. ಕನ್ನಡದಲ್ಲಿ ವಾಕ್ಯದ ತಿರುಳು ಕೊನೆಯಲ್ಲಿರುತ್ತದೆಂಬುದನ್ನೂ ನೆನೆಯಬೇಕು. ‘ಬಂದಿದೆ’ ಎಂದರೋ ‘ಬಂದಿಲ್ಲ’ ಎಂದರೋ ಎಂಬುದು ತೀರ್ಮಾನವಾಗುವುದು ಕಟ್ಟಕಡೆಗೆ. ಮಾತಾಡುವವರ ದನಿ ಇಳಿಯುವುದೂ ಅಲ್ಲಿಯೇ. ಅರ್ಧ ವಾಕ್ಯವನ್ನು ಕೇಳಿ ಉಳಿದುದನ್ನು ಊಹಿಸುವ ಈ ಹುಡುಗನಿಗೆ ದೊರೆಯುವ ಬಿರುದು ‘ಮಂದಬುದ್ಧಿ’. ಸಂತೆಯಲ್ಲಿ ಅಡಗಿದ ಕಿವುಡು ಶಾಲೆಯಲ್ಲಿ ದಡ್ಡತನದ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ.

ಇಂಥ ವಿದ್ಯಾರ್ಥಿ ಮೆಲ್ಲಗೆ ಮಾತನಾಡುವುದನ್ನೂ ಗಮನಿಸಬಹುದು. ಕಾರಣವನ್ನು ವಾಚಕರು ತಾವೇ ಪರೀಕ್ಷಿಸಲಿ. ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡು ‘ಹೂಂ’ ಎಂದು ಗುನುಗಿರಿ. ನಾದ ಮುಚ್ಚಿದ ಕಿವಿಯಲ್ಲಿಯೇ ಜೋರಾಗಿ ಕೇಳುತ್ತದೆ. ತಲೆಬುರುಡೆಯ ಎಲುಬಿನ ಮೂಲಕ ಬರುವ ತನ್ನ ದನಿ ಬಾಗಿಲು ಕೆಟ್ಟವನಿಗೆ ಗಟ್ಟಿಯಾಗಿ ಕೇಳುವುದರಿಂದ ಅವನು ದನಿಯನ್ನು ತಗ್ಗಿಸುತ್ತಾನೆ. ನಾವು ಅದನ್ನು ನಾಚಿಕೆಯೆಂದು ತಿಳಿಯುತ್ತೇವೆ.

ಐವತ್ತರ ದಶಕದ ಪಾಠ

ನಡುಗಿವಿಯ ಶಸ್ತ್ರಚಿಕಿತ್ಸೆಯ ಇತಿಹಾಸದಲ್ಲಿ ೧೯೫೦ರ ದಶಕ ಚಿರಸ್ಮರಣೀಯವಾದುದು. ೧೯೫೨ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ರೋಸೆನ್ ಎಂಬ ಶಸ್ತ್ರವೈದ್ಯ ಒಬ್ಬ ರೋಗಿಯ ರಿಕಾಪು ಬಿಗಿದಿದೆಯೇ ಎಂದು ಸಲಾಕೆಯಿಂದ ಮುಟ್ಟಿ ನೋಡುತ್ತಿದ್ದರು. ರೋಗಿಗೆ ಎಚ್ಚರವಿತ್ತು. ರಿಕಾಪು ಸಡಿಲವಾಯಿತು; ಮೇಜಿನ ಮೇಲೆ ಮಲಗಿದ್ದಂತೆಯೇ ಆತನಿಗೆ ಕೇಳಿಸತೊಡಗಿತು! ರಿಕಾಪನ್ನು ಅಲುಗಿಸುವ ಈ ಚಿಕಿತ್ಸೆ ಕೆಲವೇ ವರ್ಷಗಳಲ್ಲಿ ಜಗತ್ತಿನಲ್ಲೆಲ್ಲ ಹಬ್ಬಿತು. ಆದರೆ ಅನೇಕರಲ್ಲಿ ರಿಕಾಪು ಪುನಃ ಬಿಗಿದುಕೊಂಡಿತು. ಬಂದ ಶ್ರವಣ ಹೊರಟುಹೋಯಿತು. ಈ ಕೊರತೆಯೇ ಮುಂದಿನ ಹೆಜ್ಜೆಗೆ ಪ್ರೇರಣೆಯಾಯಿತು. ೧೯೫೬ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಜಾನ್ ಶೇ ಅವರು ಬಿಗಿದ ರಿಕಾಪನ್ನೇ ತೆಗೆದು, ಅದರ ಸ್ಥಾನದಲ್ಲಿ ಟೆಫ್ಲಾನಿನಿಂದ ಮಾಡಿದ ಕೃತಕ ರಿಕಾಪನ್ನು ಕೂರಿಸಿದರು. ಇಂದಿಗೂ ರಿಕಾಪಿನ ಬದಲಿಗೆ ಬಳಸುವ ಕಿರುಗಾತ್ರದ ಕೊಂತಗಳು ಆ ಕಲ್ಪನೆಯ ಸಂತತಿಯೇ.

ಅದೇ ಕಾಲದಲ್ಲಿ ಜರ್ಮನಿಯ ವುಲ್‌ಸ್ಟೈನ್ ಮತ್ತು ತ್ಸೋಲ್ನರ್ ಎಂಬ ಇಬ್ಬರು ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕದ ನೆರವಿನಿಂದ ತೂತಾದ ತಮಟೆಯನ್ನು ಮುಚ್ಚಿ ಎಲುಬಿನ ಸರಪಳಿಯನ್ನು ಕೂಡಿಸುವ ವಿಧಾನವನ್ನು ರೂಪಿಸಿದರು. ತೂತನ್ನು ಮುಚ್ಚಲು ಅವರು ಮೊದಲು ಬಳಸಿದುದು ಚರ್ಮದ ಕಸಿಯನ್ನು. ಕಸಿ ಹಿಡಿಯಿತು, ಕಿವಿಗಳು ಕೇಳಿದುವು. ಆದರೆ ಕಾಲಾನಂತರದಲ್ಲಿ ಎಷ್ಟೋ ಕಿವಿಗಳಲ್ಲಿ ಆ ಚರ್ಮ ಉರಿಯೂತಕ್ಕೆ ಗುರಿಯಾಯಿತು. ತೂತು ಮತ್ತೆ ಬಿದ್ದಿತು. ತರುವಾಯ ಕಿವಿಯ ಮೇಲ್ಗಡೆ ಕೆನ್ನೆತಲೆಯ ಸ್ನಾಯುವಿಗೆ ಹೊದಿಕೆಯಾಗಿರುವ ತೆಳುಪೊರೆಯನ್ನು ಕಸಿಗೆ ಬಳಸುವುದು ರೂಢಿಗೆ ಬಂದಿತು. ಇಂದು ಹುಬ್ಬಳ್ಳಿಯಲ್ಲಾಗಲಿ ಹಾವೇರಿಯಲ್ಲಾಗಲಿ ಶಸ್ತ್ರವೈದ್ಯರು ಹೆಚ್ಚಾಗಿ ಬಳಸುವುದು ಆ ಪೊರೆಯನ್ನೇ.

ಈ ಎರಡು ಕಥೆಗಳಿಂದ ನಾವು ಕಲಿಯಬೇಕಾದ ಪಾಠ ಒಂದೇ. ಮೇಜಿನ ಮೇಲೆ ಕೇಳಿಸಿದ ಶ್ರವಣ ಉಳಿಯುವ ಶ್ರವಣವೇ ಆಗಬೇಕೆಂದಿಲ್ಲ. ಆ ದಿನದ ಗೆಲವನ್ನಷ್ಟೇ ಎಣಿಸಿ ಕುಳಿತಿದ್ದರೆ ಶಸ್ತ್ರವೈದ್ಯರು ಇಂದಿಗೂ ಚರ್ಮದ ಕಸಿಯನ್ನೇ ಹಾಕುತ್ತಿದ್ದರು. ರೋಗಿಗಳನ್ನು ತಿಂಗಳು, ವರ್ಷ ಮತ್ತೆ ಮತ್ತೆ ಕರೆಸಿ, ಶ್ರವಣವನ್ನು ಅಳೆದು, ಸೋಲನ್ನೂ ಲೆಕ್ಕಕ್ಕೆ ಹಿಡಿದುದರಿಂದಲೇ ವಿದ್ಯೆ ಮುಂದುವರಿಯಿತು.

ಗಾಯ ಮಾಯುವ ತಿಂಗಳುಗಳು

ಶಸ್ತ್ರಚಿಕಿತ್ಸೆಯಾದ ಕಿವಿಯಲ್ಲಿ ಮೊದಲ ವಾರಗಳಲ್ಲಿ ಏನು ನಡೆಯುತ್ತದೆಂಬುದನ್ನು ತಿಳಿದವನು ವೃಥಾ ನಿರಾಶನಾಗುವುದಿಲ್ಲ. ಕಸಿಯ ಪೊರೆ ತಾನೇ ತಮಟೆಯಾಗುವುದಿಲ್ಲ. ಅದು ಬಳ್ಳಿಗೆ ಕಟ್ಟಿದ ಚಪ್ಪರದಂತೆ. ತೂತಿನ ಅಂಚಿನ ಜೀವಕೋಶಗಳು ಅದರ ಮೇಲೆ ಹಬ್ಬಿಕೊಳ್ಳಬೇಕು, ಹೊಸ ರಕ್ತನಾಳಗಳು ಮೂಡಬೇಕು. ಅಲ್ಲಿಯವರೆಗೆ ಕಸಿ ಕದಲದಂತೆ ಅದರ ಎರಡೂ ಕಡೆ ತಾನಾಗಿ ಕರಗುವ ಸ್ಪಂಜನ್ನು ತುಂಬಿರುತ್ತಾರೆ. ಹೀಗೆ ತುಂಬಿದ ಕಿವಿ ಶಸ್ತ್ರಚಿಕಿತ್ಸೆಗೆ ಮುಂಚಿನದಕ್ಕಿಂತಲೂ ಮಂದವಾಗಿರುವುದು ಸಹಜವೇ. ಒಳಗೆ ಟಪ್ಪೆಂದು ಸಿಡಿದಂತೆ, ಗುಂಯ್‌ಗುಟ್ಟಿದಂತೆ ಕೇಳಬಹುದು. ನಾಲಿಗೆಯ ಒಂದು ಪಕ್ಕದಲ್ಲಿ ರುಚಿ ಕೆಲಕಾಲ ಕೆಡಬಹುದು. ರುಚಿಯ ಸಂದೇಶವನ್ನು ಒಯ್ಯುವ ಎಳೆಯಂಥ ನರವೊಂದು ನಡುಗಿವಿಯ ಮೂಲಕವೇ ಹಾದುಹೋಗುತ್ತದೆ. ಸ್ಪಂಜು ಕರಗಿ, ಒಳಗಿನ ದ್ರವ ಇಂಗಿ, ಶ್ರವಣ ತಿಳಿಯಾಗುವುದಕ್ಕೆ ಆರರಿಂದ ಎಂಟು ವಾರಗಳಾದರೂ ಬೇಕು. ಮೂರು ತಿಂಗಳಿಗೆ ಮುಂಚೆ ಫಲವನ್ನು ನಿರ್ಣಯಿಸುವುದು ಆತುರ.

ಈ ಅವಧಿಯಲ್ಲಿ ರೋಗಿ ಪಾಲಿಸಬೇಕಾದ ನಿಯಮಗಳು ಕೆಲವೇ: ಕಿವಿಗೆ ನೀರು ಹೋಗಬಾರದು, ಭಾರ ಎತ್ತಬಾರದು, ಮೂಗನ್ನು ಬಲವಾಗಿ ಸೀಟಬಾರದು, ಸೀನು ಬಂದರೆ ಮೂಗನ್ನು ಒತ್ತಿಹಿಡಿಯದೆ ಬಾಯಿ ತೆರೆದು ಸೀನಬೇಕು. ಸೀನನ್ನು ತಡೆದರೆ ಮೂಗಿನ ಹಿಂದಿನ ಒತ್ತಡವೆಲ್ಲ ಯುಸ್ಟೇಷಿಯನ್ ನಾಳದ ಮೂಲಕ ನುಗ್ಗಿ ಕಸಿಯನ್ನು ಒಳಗಿನಿಂದ ತಳ್ಳುತ್ತದೆ.

ಬ್ಯಾಡಗಿಯ ಹೆಸರನ್ನು ನಾವು ಎತ್ತಿಕೊಂಡುದಕ್ಕೆ ಎರಡನೆಯ ಕಾರಣ ಈಗ ವಾಚಕರಿಗೆ ಹೊಳೆದಿರಬಹುದು. ಮೆಣಸಿನಕಾಯಿಯ ಸುಗ್ಗಿಯಲ್ಲಿ ಸೀನದೆ ಇರುವುದು ಅಲ್ಲಿ ಯಾರಿಗೆ ಸಾಧ್ಯ? ಹೊಸಬನು ಮಾರುಕಟ್ಟೆಯ ಬೀದಿಗೆ ಕಾಲಿಟ್ಟೊಡನೆಯೇ ಕಣ್ಣು ಮೂಗುಗಳಲ್ಲಿ ನೀರು ಬರುತ್ತದೆ. ತೊಟ್ಟು ಬಿಡಿಸುವ ಕೆಲಸಕ್ಕೆ ಬರುವ ಹೆಂಗಸರೂ ಚೀಲ ಹೊರುವ ಹಮಾಲರೂ ದಿನವಿಡೀ ಆ ಘಾಟಿನಲ್ಲಿಯೇ ಇರುತ್ತಾರೆ. ಅಂಥವರಲ್ಲೊಬ್ಬರು ಜನವರಿಯಲ್ಲಿ ಕಿವಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹತ್ತನೆಯ ದಿನ ಕೆಲಸಕ್ಕೆ ಮರಳಿದರೆ ಕಸಿಯ ಗತಿಯೇನು? ಮರಳದಿದ್ದರೆ ಮನೆಯ ಗತಿಯೇನು? ಮನೆಗೆ ಕಳುಹಿಸುವಾಗ ‘ಸೀನಬೇಡಿ, ಭಾರ ಎತ್ತಬೇಡಿ’ ಎಂದಷ್ಟೇ ಹೇಳಿದರೆ ಕರ್ತವ್ಯ ಮುಗಿಯದು. ರೋಗಿಯ ಕಸುಬು ಏನು, ಸುಗ್ಗಿ ಯಾವಾಗ ಎಂದು ಮೊದಲೇ ಕೇಳಿ, ತುರ್ತಿಲ್ಲದ ಶಸ್ತ್ರಚಿಕಿತ್ಸೆಯನ್ನು ಸುಗ್ಗಿ ಮುಗಿದ ಮೇಲೆ ಇಟ್ಟುಕೊಳ್ಳುವುದು ವಿವೇಕ. ವಿದ್ಯಾರ್ಥಿಗಳ ವಿಷಯದಲ್ಲಿ ಬೇಸಿಗೆಯ ರಜೆಯ ಆರಂಭವನ್ನು ಆರಿಸಬಹುದು.

ಕೇಳುವುದು ಬೇರೆ, ತಿಳಿಯುವುದು ಬೇರೆ

ಕಸಿ ಹಿಡಿದು ತಮಟೆ ಕಂಪಿಸತೊಡಗಿದ ಮೇಲೆ ಇನ್ನೊಂದು ಕೆಲಸ ಉಳಿದಿರುತ್ತದೆ, ಅದು ಮಿದುಳಿನದು. ವರ್ಷಗಟ್ಟಲೆ ಮಂದವಾದ ಶಬ್ದಗಳಿಗೆ ಒಗ್ಗಿದ ಮಿದುಳಿಗೆ ಒಮ್ಮೆಲೆ ಪಾತ್ರೆಗಳ ಸದ್ದು, ಕಾಗದದ ಸರಸರ ಶಬ್ದ, ತನ್ನದೇ ಹೆಜ್ಜೆಯ ಸಪ್ಪಳ ಕರ್ಕಶವಾಗಿ ತೋರುತ್ತವೆ. ತನ್ನ ದನಿ ಮಾತ್ರ ಮೊದಲಿನಂತೆ ತಲೆಯೊಳಗೆ ಮೊಳಗುವುದಿಲ್ಲ; ಆದುದರಿಂದ ಎಷ್ಟು ಜೋರಾಗಿ ಮಾತನಾಡಬೇಕೆಂಬುದನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಬಾಲ್ಯದಲ್ಲಿ ದೀರ್ಘಕಾಲ ಕಿವಿ ಮಂದವಾಗಿದ್ದ ಮಕ್ಕಳಿಗೆ, ಶ್ರವಣಮಾಪನದಲ್ಲಿ ಎಲ್ಲವೂ ಸರಿಯೆಂದು ಬಂದ ಬಳಿಕವೂ, ಗದ್ದಲದ ನಡುವೆ ಮಾತನ್ನು ಬೇರ್ಪಡಿಸಿ ಹಿಡಿಯುವುದು ಕೆಲಕಾಲ ಕಷ್ಟವಾಗಬಹುದು. ಇದಕ್ಕೆ ಮದ್ದು ಗುಳಿಗೆಯಲ್ಲಿಲ್ಲ. ಮನೆಯವರು ಎದುರಿಗೆ ಕುಳಿತು ನಿಧಾನವಾಗಿ ಮಾತನಾಡಬೇಕು; ಗಟ್ಟಿಯಾಗಿ ಓದಿಸಬೇಕು; ಅಧ್ಯಾಪಕರು ಮುಂದಿನ ಬೆಂಚಿನಲ್ಲಿ ಸ್ಥಳ ಕೊಡಬೇಕು. ಹಿಂದಿನ ವರ್ಷಗಳಲ್ಲಿ ತಪ್ಪಿಹೋದ ಪಾಠಗಳು ಕಿವಿ ತೆರೆದ ಮಾತ್ರಕ್ಕೆ ತಲೆಗೆ ಬರುವುದಿಲ್ಲವೆಂಬುದನ್ನೂ ಮರೆಯಬಾರದು.

ಎಲ್ಲರಿಗೂ ಪೂರ್ಣ ಶ್ರವಣ ಮರಳುವುದೆಂದು ಹೇಳಿದರೆ ನಾವು ಸುಳ್ಳಾಡಿದಂತಾಗುವುದು. ತೂತನ್ನು ಮುಚ್ಚುವ ಸರಳ ಶಸ್ತ್ರಚಿಕಿತ್ಸೆಯಲ್ಲಿ ನುರಿತವರ ಕೈಯಲ್ಲಿ ಹತ್ತರಲ್ಲಿ ಎಂಟು ಒಂಬತ್ತು ಕಸಿಗಳು ಹಿಡಿಯುತ್ತವೆ. ಎಲುಬುಗಳೂ ತಿಂದುಹೋಗಿದ್ದರೆ ಫಲ ಅಷ್ಟು ಖಚಿತವಲ್ಲ. ರಿಕಾಪನ್ನು ಬದಲಿಸುವಾಗ ಸುಮಾರು ನೂರರಲ್ಲಿ ಒಬ್ಬರಿಗೆ ಆ ಕಿವಿಯ ಶ್ರವಣವೇ ಹೋಗುವ ಅಪಾಯವುಂಟು. ಕೆಲವರಲ್ಲಿ ಹೊರಚರ್ಮ ನಡುಗಿವಿಯೊಳಗೆ ಬೆಳೆದು ಎಲುಬುಗಳನ್ನು ಸವೆಸುತ್ತ ಮಿದುಳಿನ ಹೊಸ್ತಿಲವರೆಗೂ ಹೋಗುವುದುಂಟು. ಅಂಥಲ್ಲಿ ವೈದ್ಯರ ಮೊದಲ ಗುರಿ ಪ್ರಾಣವನ್ನು ಕಾಯುವುದು, ಎರಡನೆಯದು ಸೋರದ ಕಿವಿ, ಶ್ರವಣ ಮೂರನೆಯದು. ಈ ಕ್ರಮವನ್ನು ರೋಗಿಗೆ ಅವನ ಭಾಷೆಯಲ್ಲಿ ಮೊದಲೇ ತಿಳಿಸಿದರೆ ಅನಂತರ ಮನಸ್ತಾಪವಿರದು. ಶಸ್ತ್ರಚಿಕಿತ್ಸೆಯ ಬಳಿಕವೂ ಉಳಿದ ಕೊರತೆಗೆ ಶ್ರವಣಯಂತ್ರವಿದೆ. ಅದನ್ನು ಧರಿಸುವುದು ಕನ್ನಡಕ ಧರಿಸುವುದಕ್ಕಿಂತ ನಾಚಿಕೆಯ ಸಂಗತಿಯೇನೂ ಅಲ್ಲ.

ನಮ್ಮ ಬೇಡಿಕೆ

ಕಣ್ಣಿನ ಪೊರೆಯನ್ನು ತೆಗೆದ ಬಳಿಕ ರೋಗಿಯನ್ನು ಅಕ್ಷರಫಲಕದ ಮುಂದೆ ಕುಳ್ಳಿರಿಸಿ ದೃಷ್ಟಿಯನ್ನು ಅಳೆಯುವುದು ಈಗ ವಾಡಿಕೆಯಾಗಿದೆ. ಕಿವಿಗೂ ಅದೇ ನ್ಯಾಯ ಸಲ್ಲಬೇಕು. ಶಸ್ತ್ರಚಿಕಿತ್ಸೆಗೆ ಮುಂಚೆ ಒಮ್ಮೆ, ಮೂರು ತಿಂಗಳಿಗೆ ಒಮ್ಮೆ, ವರ್ಷಕ್ಕೆ ಒಮ್ಮೆ—ಹೀಗೆ ಮೂರು ಸಲ ಶ್ರವಣವನ್ನು ಅಳೆದು ರೋಗಿಯ ಚೀಟಿಯಲ್ಲಿ ಬರೆಯಬೇಕು. ಶಿಬಿರಗಳೂ ಆಸ್ಪತ್ರೆಗಳೂ ವರ್ಷದ ಕೊನೆಗೆ ‘ಇಷ್ಟು ಶಸ್ತ್ರಚಿಕಿತ್ಸೆಗಳನ್ನು ಮಾಡಿದೆವು’ ಎನ್ನುವುದರ ಜೊತೆಗೆ ‘ಇವರಲ್ಲಿ ಇಷ್ಟು ಮಂದಿಗೆ ವರ್ಷದ ಬಳಿಕವೂ ಕೇಳುತ್ತಿದೆ’ ಎಂದು ಹೇಳುವಂತಾಗಬೇಕು.

ಇದಕ್ಕೆ ಆಕ್ಷೇಪವಿರಬಹುದು. ಕಿವಿಯ ವೈದ್ಯರೇ ಸಾಲದಿರುವಾಗ ಅವರ ಸಮಯವನ್ನು ಅಳತೆಯಲ್ಲಿ ಕಳೆಯುವುದೇಕೆ, ಆ ಹೊತ್ತಿನಲ್ಲಿ ಇನ್ನೂ ನಾಲ್ವರಿಗೆ ಶಸ್ತ್ರಚಿಕಿತ್ಸೆ ಮಾಡಬಾರದೇಕೆ ಎಂದು ಕೇಳುವವರುಂಟು. ಈ ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಸೋತ ಕಸಿಯನ್ನು ಪುನಃ ಹಾಕಲು ಬೇಕಾಗುವ ಸಮಯ ಎಷ್ಟು? ಯಾವ ಬಗೆಯ ರೋಗಿಯಲ್ಲಿ ಕಸಿ ಸೋಲುತ್ತದೆಂದು ಅಳತೆಯಿಲ್ಲದೆ ತಿಳಿಯುವುದು ಹೇಗೆ? ಅಲ್ಲದೆ ಶ್ರವಣವನ್ನು ಅಳೆಯಲು ಶಸ್ತ್ರವೈದ್ಯರೇ ಬೇಕಿಲ್ಲ. ಅದಕ್ಕಾಗಿ ಶಿಕ್ಷಣ ಪಡೆದ ಶ್ರವಣತಜ್ಞರಿದ್ದಾರೆ. ಅಂಥವರನ್ನು ತರಬೇತುಗೊಳಿಸುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ೧೯೬೫ರಲ್ಲಿ ಸ್ಥಾಪಿತವಾದುದು ನಮ್ಮ ಮೈಸೂರಿನಲ್ಲಿಯೇ. ಕಿವುಡುತನದ ನಿವಾರಣೆಗೆಂದು ಕೇಂದ್ರ ಸರ್ಕಾರ ೨೦೦೭ರಲ್ಲಿ ಒಂದು ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಶಾಲೆಯ ಮಕ್ಕಳಲ್ಲಿ ಹುಡುಕಬೇಕಾದ ರೋಗಗಳ ಪಟ್ಟಿಯಲ್ಲಿ ನಡುಗಿವಿಯ ಉರಿಯೂತವೂ ಸೇರಿದೆ. ೧೯೫೭ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದ ಹುಬ್ಬಳ್ಳಿ ಬ್ಯಾಡಗಿಗೆ ಒಂದೇ ರೈಲಿನ ದಾರಿ. ಬೇಕಾದುದು ಹೊಸ ಕಟ್ಟಡವಲ್ಲ. ಇರುವ ಕೊಂಡಿಗಳನ್ನು ಕೂಡಿಸುವುದು.

ಶಸ್ತ್ರಚಿಕಿತ್ಸೆಗೆ ದೊಡ್ಡ ಊರಿಗೆ ಹೋಗಿಬರುವುದು ಅನಿವಾರ್ಯವಾದರೂ, ಅನಂತರದ ಪರೀಕ್ಷೆಗಳಿಗೆ ಪ್ರತಿ ಸಲವೂ ಒಂದು ದಿನದ ಕೂಲಿಯನ್ನೂ ಪ್ರಯಾಣದ ಹಣವನ್ನೂ ಕಳೆದುಕೊಳ್ಳುವಂತಾಗಬಾರದು. ತಾಲೂಕಿನ ಆಸ್ಪತ್ರೆಯಲ್ಲಿಯೇ, ಗೊತ್ತಾದ ದಿನ, ಶ್ರವಣವನ್ನು ಅಳೆಯುವ ಏರ್ಪಾಡಿರಬೇಕು. ಬಾರದವರ ಮನೆಗೆ ಆಶಾ ಕಾರ್ಯಕರ್ತೆಯ ಮೂಲಕ ಹೇಳಿಕಳುಹಿಸಬೇಕು. ಬಾರದಿರುವವರಲ್ಲಿಯೇ ಸೋತ ಕಿವಿಗಳು ಹೆಚ್ಚಾಗಿರಬಹುದೆಂಬುದನ್ನು ಲೆಕ್ಕವಿಡುವವರು ಮರೆಯಬಾರದು.

ನಮ್ಮ ವಿದ್ಯಾರ್ಥಿಗಳೂ ಇದರಲ್ಲಿ ಪಾಲುಗೊಳ್ಳಬಹುದು. ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಉಕ್ಕಿನ ಶ್ರುತಿಕವೆಗಳಿರುವುದನ್ನು ಅವರು ಬಲ್ಲರು. ೧೭೧೧ರಲ್ಲಿ ಜಾನ್ ಶೋರ್ ಎಂಬ ಕಹಳೆವಾದಕ ನಿರ್ಮಿಸಿದ ಈ ಸಾಧನವನ್ನು ಇಂದಿಗೂ ಕಿವಿಯ ವೈದ್ಯರು ಬಳಸುತ್ತಾರೆ. ಸೆಕೆಂಡಿಗೆ ೫೧೨ ಸಲ ಕಂಪಿಸುವ ಕವೆಯನ್ನು ರಬ್ಬರಿನ ಮೇಲೆ ಬಡಿದು, ಅದರ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಹಿಡಿಯಿರಿ. ನಾದ ನಿಂತಿತೆನಿಸಿದೊಡನೆ ಕವೆಯ ತುದಿಯನ್ನು ಕಿವಿಯ ಮುಂದೆ ತನ್ನಿರಿ. ನೆಟ್ಟಗಿರುವ ಕಿವಿಗೆ ನಾದ ಮತ್ತೆ ಕೇಳುತ್ತದೆ. ನಡುಗಿವಿ ಕೆಟ್ಟಿದ್ದರೆ ಕೇಳುವುದಿಲ್ಲ. ಜರ್ಮನಿಯ ರಿನ್ನೆ ಎಂಬ ವೈದ್ಯ ೧೮೫೫ರಲ್ಲಿ ವಿವರಿಸಿದ ಪರೀಕ್ಷೆಯಿದು. ಇದರಿಂದ ರೋಗವನ್ನು ನಿರ್ಣಯಿಸಲಾಗದು. ಆದರೆ ವೈದ್ಯರ ಬಳಿಗೆ ಹೋಗಬೇಕೆಂಬ ಸಂದೇಹವನ್ನು ಹುಟ್ಟಿಸಲು ಇದು ಸಾಕು.

ಹಿಂದಿನ ಬೆಂ‌ಚಿನ ಮೇಲೆ ಕುಳಿತು, ಕರೆದರೆ ತಡವಾಗಿ ತಿರುಗಿ ನೋಡುವ, ಮೆಲ್ಲಗೆ ಮಾತನಾಡುವ, ಕಿವಿಯಲ್ಲಿ ಸದಾ ಹತ್ತಿಯಿಟ್ಟುಕೊಂಡಿರುವ ಸಹಪಾಠಿ ನಿಮ್ಮ ತರಗತಿಯಲ್ಲಿ ಇದ್ದಾನೆಯೇ? ಇದ್ದರೆ ಅವನನ್ನು ನಗೆಗೀಡುಮಾಡದೆ, ಅಧ್ಯಾಪಕರಿಗೆ ತಿಳಿಸಿರಿ. ಅವನಿಗೆ ಈಗಾಗಲೇ ಶಸ್ತ್ರಚಿಕಿತ್ಸೆಯಾಗಿದ್ದರೆ ‘ಕೇಳಿಸುತ್ತಿದೆಯೇ?’ ಎಂದು ಒಮ್ಮೆ ಕೇಳಿ ಸುಮ್ಮನಾಗಬೇಡಿ. ಮೂರು ತಿಂಗಳಿಗೂ ವರ್ಷಕ್ಕೂ ಮತ್ತೆ ಕೇಳಿರಿ. ಪರೀಕ್ಷೆಯ ದಿನ ತಪ್ಪದಂತೆ ಅವನ ಜೊತೆಗೆ ಹೋಗಿರಿ.